ಮನೆ ಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸಬೇಕಾ? ಬಳ್ಳಾರಿ ಬಿಸಿಲಿಗೆ ತಡೆಯುತ್ತಾ?

ಕೌಲ್‌ಬಜಾರ್ ಹುಡುಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಬೆಂಗಳೂರಲ್ಲಿದ್ದೇನೆ, ಅಪ್ಪ ಅಮ್ಮ ಬಳ್ಳಾರಿಯಲ್ಲಿ. ಹೋದ ತಿಂಗಳು ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದರು. ಮನೆಯವರು ಮದುವೆಗೆ ಅಂತ ಎರಡು ದಿನ ಊರಿಗೆ ಹೋಗಿದ್ದರು, ಅಷ್ಟೇ. ಬೀಗ ಹಾಗೇ ಇತ್ತು, ಕೊಂಡಿ ಕಿತ್ತು ಬಂದಿತ್ತು. ಅವತ್ತಿನಿಂದ ಅಮ್ಮ ರಾತ್ರಿ ಎರಡು ಸಲ ಎದ್ದು ಚಿಲಕ ನೋಡ್ತಾರೆ.

ನನಗೆ ಸ್ಮಾರ್ಟ್ ಲಾಕ್ ಹಾಕಿಸೋಣ ಅಂತ ಇದೆ. ಬೆರಳು ಇಟ್ಟರೆ ತೆಗೆಯುವಂಥದ್ದು, ಫೋನಿಗೂ ಸುದ್ದಿ ಬರುವಂಥದ್ದು. ಎರಡು ಜಾಗ ಇವೆ. ಒಂದು ಮನೆ. ಅಜ್ಜನ ಕಾಲದ ಜೋಡಿ ಬಾಗಿಲು, ಪಶ್ಚಿಮಕ್ಕೆ ಮುಖ, ಮಧ್ಯಾಹ್ನದಿಂದ ಸಂಜೆ ತನಕ ಬಿಸಿಲು ನೇರ ಬಾಗಿಲ ಮೇಲೆ. ಇನ್ನೊಂದು ಅಪ್ಪನ ಜೀನ್ಸ್ ಹೊಲಿಗೆ ಯೂನಿಟ್. ರೋಲಿಂಗ್ ಶಟರ್, ಒಳಗೆ ಹನ್ನೆರಡು ಮಷಿನ್, ಬೀಗದ ಕೈ ನಾಲ್ಕು ಜನರ ಹತ್ತಿರ. ಬಜೆಟ್ ಎರಡೂ ಸೇರಿ 20 ಸಾವಿರ. ಹಾಕಿಸಿದವರು ಯಾರಾದರೂ ಇದ್ದರೆ ನಿಜ ಹೇಳಿ. ಅಂಗಡಿಯವರ ಮಾತು ಸಾಕಷ್ಟು ಕೇಳಿದ್ದೇನೆ.

ತುಂಗಭದ್ರಾ ನೀರು

ಬೀಗ ಹಾಗೇ ಇತ್ತು, ಕೊಂಡಿ ಕಿತ್ತು ಬಂದಿತ್ತು ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ ಅಲ್ವಾ?

ಕೊಪ್ಪಳದ ಬಡಿಗ

ಮೇಲಿನವರು ಹೇಳಿದ್ದು ಸರಿ. ನಾನು ಇಪ್ಪತ್ತೆರಡು ವರ್ಷದಿಂದ ಬಾಗಿಲು ಕೆಲಸ ಮಾಡ್ತಿದ್ದೇನೆ. ಕಳ್ಳ ಹೊಕ್ಕ ಮನೆಗೆ ಮರುದಿನ ರಿಪೇರಿಗೆ ಕರೆಯೋದು ನನ್ನನ್ನೇ. ಬೀಗ ಒಡೆದಿದ್ದನ್ನು ನೋಡಿದ್ದು ಕಡಿಮೆ. ಕೊಂಡಿಯ ಸಂದಿಗೆ ರಾಡ್ ಹಾಕಿ ಒಂದು ಎತ್ತು ಎತ್ತಿದರೆ ಮುಗೀತು. ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ, ಅದೂ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದು. ಕಟ್ಟಿಗೆ ಜೊತೆ ಹಲ್ಲು ಕಿತ್ತ ಹಾಗೆ ಬರುತ್ತವೆ.

ಜೋಡಿ ಬಾಗಿಲಿನ ವಿಷಯ ಹೇಳ್ತೀನಿ. ಈಗ ಜಾಸ್ತಿ ಮಾರುವ ಸ್ಮಾರ್ಟ್ ಲಾಕ್ ಮಾರ್ಟೀಸ್ ಜಾತಿಯವು. ಬಾಗಿಲಿನ ದಪ್ಪದ ಒಳಗೇ ಗೂಡು ಕೊರೆದು ಲಾಕಿನ ಪೆಟ್ಟಿಗೆ ಕೂರಿಸಬೇಕು. ಒಂಟಿ ಬಾಗಿಲು, ದಪ್ಪ 35 ಮಿಲಿಮೀಟರಿಗಿಂತ ಮೇಲೆ ಇದ್ದರೆ ಚಂದ ಕೂರುತ್ತದೆ. ಹಳೇ ಜೋಡಿ ಬಾಗಿಲಲ್ಲಿ ಅಂಚಿನ ಪಟ್ಟಿ ಸಣ್ಣದು, ಅದನ್ನು ಅಷ್ಟು ಕೊರೆದರೆ ಉಳಿಯೋದು ಬರೀ ಸಿಪ್ಪೆ. ಆಮೇಲೆ ಒಂದು ಒದ್ದರೆ ಲಾಕ್ ಗಟ್ಟಿ ಇರುತ್ತೆ, ಬಾಗಿಲು ಸೀಳುತ್ತೆ.

ನಿಮಗೆ ಬೇಕಾದ್ದು ರಿಮ್ ಲಾಕ್. ಒಳಮೈ ಮೇಲೆ ಕೂರುವಂಥದ್ದು, ಹೊರಗೆ ನಂಬರ್ ಪಟ್ಟಿ ಮಾತ್ರ ಕಾಣುತ್ತೆ. ಆದರೆ ಎಡಗಡೆ ಕದಕ್ಕೆ ಮೇಲೆ ಕೆಳಗೆ ಎರಡು ಉದ್ದನೆ ಚಿಲಕ ಇರಲೇಬೇಕು, ಮೇಲಿನದು ಚೌಕಟ್ಟಿಗೆ, ಕೆಳಗಿನದು ಹೊಸ್ತಿಲಿಗೆ ಒಂದೊಂದು ಇಂಚಾದರೂ ಇಳೀಬೇಕು. ಇಲ್ಲ ಅಂದ್ರೆ ಎರಡೂ ಕದ ಸೇರಿಸಿ ದೂಕಿದರೆ ಲಾಕ್ ಸಮೇತ ತೆರೆದುಕೊಳ್ಳುತ್ತೆ. ಬಾಗಿಲಿನ ಫೋಟೋ ಹಾಕಿ, ಪಕ್ಕದಿಂದ ತೆಗೆದಿದ್ದು.

ರಾಯಚೂರು ಬಿಸಿಲು

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಇದೆ. ಮೂರು ಮಾತು ಹೇಳ್ತೀನಿ.

ಬಿಸಿಲು: ನಮ್ಮಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ ಮಾಮೂಲು. ಅದು ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತ ಲೋಹದ ಹಿಡಿಕೆ ಮುಟ್ಟೋಕಾಗಲ್ಲ. ನಮ್ಮ ಬಾಗಿಲಿಗೂ ನೇರ ಬಿಸಿಲು. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಬೆರಳು ಇಟ್ಟರೆ ಕೆಂಪು ದೀಪ, ಸಂಜೆ ಆರಕ್ಕೆ ತಾನೇ ಸರಿ. ಬೆಳಕಿನಿಂದ ಬೆರಳಿನ ಚಿತ್ರ ತೆಗೆಯೋ ಸೆನ್ಸರ್ ಇದ್ದರೆ ನೇರ ಬಿಸಿಲು ಬಿದ್ದಾಗ ಕಣ್ಣು ಕುಕ್ಕಿದ ಹಾಗಾಗುತ್ತೆ. ಈಗಿನ ಹೆಚ್ಚಿನ ಲಾಕ್‌ಗಳಲ್ಲಿ ಬರುವ ಕೆಪ್ಯಾಸಿಟಿವ್ ಸೆನ್ಸರಿಗೆ (ಬೆಳಕಿಲ್ಲದೆ ಸಣ್ಣ ವಿದ್ಯುತ್ತಿನಿಂದ ಗೆರೆ ಓದುವಂಥದ್ದು) ಆ ತೊಂದರೆ ಇಲ್ಲ. ನಾವು ಬಾಗಿಲ ಮೇಲೆ ಒಂದೂವರೆ ಅಡಿ ಶೀಟ್ ಇಳಿಸಿದೆವು, ಸಮಸ್ಯೆ ಹೋಯಿತು. 280 ರೂಪಾಯಿ ಖರ್ಚು.

ಬೆರಳು: ನನ್ನದು, ಹೆಂಡತಿಯದು ಪಟ್ಟಂತ ಓದುತ್ತೆ. ಅವ್ವನದು ಓದಲ್ಲ. ಮೂವತ್ತು ವರ್ಷ ಹತ್ತಿ ಬಿಡಿಸಿದ ಕೈ, ಗೆರೆ ಎಲ್ಲಿ ಉಳಿದಿರುತ್ತೆ? ರೇಷನ್ ಅಂಗಡಿಯಲ್ಲೂ ಅದೇ ಗೋಳು. ಅವ್ವನಿಗೆ ನಂಬರ್ ಕಲಿಸಿದೆವು. ಈಗ ಮೊಮ್ಮಗನಿಗಿಂತ ಜೋರಾಗಿ ಒತ್ತುತ್ತಾಳೆ.

ಬ್ಯಾಟರಿ: ನಾಲ್ಕು ಪೆನ್ಸಿಲ್ ಸೆಲ್. ಆಲ್ಕಲೈನ್ ಹಾಕಿದರೆ ನಮಗೆ ಎಂಟೊಂಬತ್ತು ತಿಂಗಳು ಬರ್ತಿದೆ. ಗಡಿಯಾರಕ್ಕೆ ಹಾಕೋ ಅಗ್ಗದ ಸೆಲ್ ಹಾಕಿ ನೋಡಿದೆ, ಎರಡೇ ತಿಂಗಳು. ಮೇಲಿಂದ ಸೋರಿ ಸ್ಪ್ರಿಂಗ್ ಹಸಿರಾಯಿತು.

ಹಗರಿ ದಂಡೆ

ಕರೆಂಟ್ ಹೋದರೆ ಏನ್ರೀ ಗತಿ? ನಮ್ಮೂರಲ್ಲಿ ಬಂದರೆ ಸುದ್ದಿ, ಹೋದರೆ ಅಲ್ಲ.

ರಾಯಚೂರು ಬಿಸಿಲು

@ಹಗರಿ ದಂಡೆ, ಮನೆ ಲಾಕಿಗೂ ಕರೆಂಟಿಗೂ ಸಂಬಂಧ ಇಲ್ಲ ಅಣ್ಣ, ಸೆಲ್ ಮೇಲೆ ನಡೆಯುತ್ತೆ. ಕರೆಂಟ್ ಹೋದರೆ ವೈಫೈ ಹೋಗುತ್ತೆ, ಫೋನಿಗೆ ಸುದ್ದಿ ಬರಲ್ಲ, ಅಷ್ಟೇ. ಬೆರಳು, ನಂಬರ್, ಕೀಲಿಕೈ ಎಲ್ಲ ನಡೆಯುತ್ತೆ. ಸೆಲ್ ಪೂರ್ತಿ ಸತ್ತರೆ ಹೊರಗಡೆ ಕೆಳಗೆ ಎರಡು ಚುಕ್ಕೆ ಇರುತ್ತವೆ, ಅಲ್ಲಿಗೆ 9 ವೋಲ್ಟಿನ ಚೌಕ ಬ್ಯಾಟರಿ ಹಿಡಿದರೆ ಒಂದು ಸಲ ಜೀವ ಬರುತ್ತೆ. ಹೊಸವಕ್ಕೆ ಟೈಪ್ ಸಿ ತೂತು, ಪವರ್ ಬ್ಯಾಂಕ್ ಸಾಕು.

ಸಿಂಧನೂರು ಟೀಚರ್

ನನ್ನ ಕಥೆ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಗೃಹಪ್ರವೇಶಕ್ಕೆ ತಮ್ಮ ಉಡುಗೊರೆ ಕೊಟ್ಟ ಲಾಕ್. ಬಾಗಿಲು ಮುಚ್ಚಿದ ಐದು ಸೆಕೆಂಡಿಗೆ ತಾನೇ ಲಾಕ್ ಆಗುತ್ತೆ. ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಇದ್ದೆ. ಹಾಲಿನವನು ಕೂಗಿದ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ, ಗಾಳಿಗೆ ಬಾಗಿಲು ಹಾಕಿಕೊಂಡಿತು. ಮನೆಯವರು ಮಕ್ಕಳನ್ನು ಕರೆದುಕೊಂಡು ಜಾಲಹಳ್ಳಿಗೆ ಹೋಗಿದ್ದರು. ಒಳಗೆ ಹಂಚು ಒಲೆ ಮೇಲೆ, ಪಕ್ಕದಲ್ಲಿ ಬೇಳೆ ಕುಕ್ಕರ್. ಬೆರಳು ಇಟ್ಟೆ, ಜೋಳದ ಹಿಟ್ಟಿಗೆ ಓದಲಿಲ್ಲ. ನೈಟಿಗೆ ಒರೆಸಿ ಇಟ್ಟೆ, ಓದಲಿಲ್ಲ. ನಂಬರ್ ಹಾಕೋಣ ಅಂದರೆ ಅದು ಇಟ್ಟವರು ಮನೆಯವರು, ನನಗೆ ಬೆರಳು ಸಾಕು ಅಂತ ಕಲಿತೇ ಇರಲಿಲ್ಲ. ಐದು ಸಲ ತಪ್ಪಾದ ಮೇಲೆ ಅದು ಕೀಚ್ ಅಂತ ಕಿರುಚಿ, ಕೆಲ ನಿಮಿಷ ಬಂದ್ ಆಯಿತು. ಎರಡು ತುರ್ತು ಕೀಲಿಕೈ ಕೊಟ್ಟಿದ್ದರು. ಎಲ್ಲಿದ್ದವು ಗೊತ್ತಾ? ಒಳಗೆ, ಬೀರುವಿನಲ್ಲಿ, ಡಬ್ಬಿ ಸಮೇತ.

ಕುಕ್ಕರ್ ಏಳನೇ ಸೀಟಿ ಹೊಡೆದಾಗ ಹಾಲಿನವನ ಕ್ಯಾನಿನಿಂದ ನೀರು ಹಾಕಿಸಿಕೊಂಡು ಕೈ ತೊಳೆದು, ಅವನ ಟವೆಲ್ಲಿಗೆ ಒರೆಸಿ ಬೆರಳು ಇಟ್ಟೆ. ತೆಗೆಯಿತು. ರೊಟ್ಟಿ ಇದ್ದಿಲಾಗಿತ್ತು.

ಈಗ ತಾನೇ ಲಾಕ್ ಆಗುವ ಸೆಟ್ಟಿಂಗ್ ಹಗಲು ಹೊತ್ತು ಆರಿಸಿರುತ್ತೇನೆ. ಒಂದು ಕೀಲಿಕೈ ಎದುರು ಮನೆಯಲ್ಲಿದೆ.

ಗಂಗಾವತಿ ಲೆಕ್ಕಪತ್ರ

😂😂 ಹಾಲಿನವನು ಎಲ್ಲರಿಗೂ ಹೇಳಿಕೊಂಡು ಬಂದಿರಬೇಕು.

ಸಿಂಧನೂರು ಟೀಚರ್

ಹೇಳಿದ್ದಾನೆ.

ಫರ್ಮ್‌ವೇರ್ ಅಣ್ಣ

ಎಲ್ಲರೂ ರೊಟ್ಟಿ, ರಾಡ್ ಮಾತಾಡ್ತಿದ್ದೀರಿ. ಎಲೆಕ್ಟ್ರಾನಿಕ್ಸ್ ಕಡೆ ಯಾರೂ ನೋಡ್ತಿಲ್ಲ. 2018ರಲ್ಲಿ ಚೀನಾದಲ್ಲಿ ಸಣ್ಣ ಟೆಸ್ಲಾ ಕಾಯಿಲ್ ಪೆಟ್ಟಿಗೆ (ಜೋರು ವಿದ್ಯುತ್ಕಾಂತೀಯ ಅಲೆ ಬಿಡುವಂಥದ್ದು) ಹತ್ತಿರ ಹಿಡಿದರೆ ಕೆಲವು ಬೆರಳಚ್ಚು ಲಾಕ್‌ಗಳು ತಾವೇ ತೆರೆದುಕೊಂಡಿದ್ದು ದೊಡ್ಡ ಗಲಾಟೆ ಆಯಿತು. ಅದೇ ವರ್ಷ ಟ್ಯಾಪ್‌ಲಾಕ್ ಅನ್ನೋ ಬೆರಳಚ್ಚಿನ ನೇತಾಡುವ ಬೀಗದ ಕಥೆ. ಅದನ್ನು ತೆಗೆಯುವ ಗುಟ್ಟನ್ನು ಅದರ ಬ್ಲೂಟೂತ್ ವಿಳಾಸದಿಂದಲೇ ಲೆಕ್ಕ ಹಾಕಬಹುದಿತ್ತು. ಆ ವಿಳಾಸವನ್ನೋ, ಬೀಗವೇ ಸುತ್ತಮುತ್ತ ಎಲ್ಲರಿಗೂ ಸಾರುತ್ತಿತ್ತು! ಕಳ್ಳನಿಗೆ ಮನೆಯವರೇ ಹೆಸರು ಕೂಗಿ ಕರೆದ ಹಾಗೆ.

ಕಾರ್ಡ್ ತೋರಿಸಿ ತೆಗೆಯೋ ಲಾಕ್ ಇನ್ನೂ ಹಳೇ ಕಥೆ. ಮೈಫೇರ್ ಕ್ಲಾಸಿಕ್ ಅನ್ನೋ ಜಾತಿಯ ಕಾರ್ಡಿನ ಗುಟ್ಟು 2008ರಲ್ಲೇ ರಟ್ಟಾಯಿತು, ಇವತ್ತಿಗೂ ಅದೇ ಕಾರ್ಡ್ ಕೊಡುವವರು ಇದ್ದಾರೆ. ಲಾಕ್ ತಗೊಳ್ಳುವಾಗ ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅಂತ ಕೇಳಿ. ಹೆಸರು ಗೊತ್ತಿಲ್ಲದ 4 ಸಾವಿರದ ಮಾಲು ತಗೋಬೇಡಿ.

ತುಂಗಭದ್ರಾ ನೀರು

ಅಣ್ಣಾ, ನಮ್ಮೂರ ಕಳ್ಳ ಲ್ಯಾಪ್‌ಟಾಪ್ ತಗೊಂಡು ಬರಲ್ಲ. ಬಂದರೆ ಅದನ್ನೂ ಎಲ್ಲಿಂದಲೋ ಕದ್ದು ತಂದಿರ್ತಾನೆ.

ಫರ್ಮ್‌ವೇರ್ ಅಣ್ಣ

ನಗಬಹುದು. ಆದರೆ ಎಷ್ಟು ಮನೆಯಲ್ಲಿ ಫ್ಯಾಕ್ಟರಿಯಿಂದ ಬಂದ 123456 ಹಾಗೇ ಇದೆ, ಅದನ್ನು ಹೇಳಿ. ಅದಕ್ಕೆ ಲ್ಯಾಪ್‌ಟಾಪ್ ಬೇಡ. ಇನ್ನೊಂದು, ಬಳ್ಳಾರಿಯ ಕೆಂಪು ಧೂಳು ನಂಬರ್ ಪಟ್ಟಿ ಮೇಲೆ ಕೂತಿರುತ್ತೆ. ಯಾವ ನಾಲ್ಕು ಅಂಕಿ ಹೊಳೀತಿವೆ ಅಂತ ನೋಡಿದರೆ ಅರ್ಧ ಕೆಲಸ ಮುಗೀತು. ಒಳ್ಳೇ ಲಾಕಿನಲ್ಲಿ ನಿಜವಾದ ನಂಬರಿನ ಹಿಂದೆ ಮುಂದೆ ಸುಮ್ನೆ ಬೇಕಾದ ಅಂಕಿ ಒತ್ತಬಹುದು, ನಡುವೆ ಸರಿ ನಂಬರ್ ಇದ್ದರೆ ಸಾಕು. ಆ ಸೌಲಭ್ಯ ಇದೆಯಾ ಕೇಳಿ. ವಾರಕ್ಕೊಮ್ಮೆ ಪಟ್ಟಿ ಒರೆಸಿ.

ತುಂಗಭದ್ರಾ ನೀರು

ಧೂಳಿನ ಮಾತು ಒಪ್ಪಿದೆ. ನಮ್ಮದು ಸಂಡೂರು ರಸ್ತೆ.

ಆನೆಗೊಂದಿ ಹೋಂಸ್ಟೇ

ವ್ಯಾಪಾರಕ್ಕೆ ಮಾತ್ರ ಇದು ವರ ನೋಡ್ರಿ. ನನಗೆ ಆರು ಕೋಣೆ ಇವೆ. ಮುಂಚೆ ಪ್ರವಾಸಿಗರು ಬೀಗದ ಕೈ ಜೇಬಲ್ಲಿ ಇಟ್ಟುಕೊಂಡೇ ಗೋವಾ ಬಸ್ ಹತ್ತಿಬಿಡೋರು. ಅಂಜನಾದ್ರಿಯಲ್ಲಿ ಸೂರ್ಯೋದಯ ನೋಡ್ತೀವಿ ಅಂತ ನಾಲ್ಕೂವರೆಗೆ ಎಬ್ಬಿಸೋರು. ಈಗ ಪ್ರತಿ ಕೋಣೆಗೆ ನಂಬರ್ ಲಾಕ್. ಬುಕಿಂಗ್ ಆದ ಕೂಡಲೇ ಫೋನಿಂದ ಒಂದು ನಂಬರ್ ಕಳಿಸ್ತೀನಿ, ಅವರ ಕೊನೇ ದಿನ ಹನ್ನೊಂದು ಗಂಟೆಗೆ ಅದು ಸಾಯುತ್ತೆ. ಕೋಣೆಯಲ್ಲಿ ನೆಟ್‌ವರ್ಕ್ ಇರದಿದ್ದರೂ ನಡೆಯುತ್ತೆ, ಯಾಕಂದ್ರೆ ಲಾಕಿಗೂ ಆಪಿಗೂ ಒಂದೇ ಲೆಕ್ಕ, ಒಂದೇ ಗಡಿಯಾರ. ಲಾಕಿನ ಗಡಿಯಾರ ತಪ್ಪಿದರೆ ಮಾತ್ರ ಫಜೀತಿ. ಸೆಲ್ ಬದಲಿಸಿದ ಮೇಲೆ ಒಂದು ಸಲ ಹೊಂದಿಸಿಕೊಳ್ಳಬೇಕು.

ಆದರೂ ಆರು ಕೋಣೆಯ ಕಬ್ಬಿಣದ ಕೀಲಿಕೈ ಗೊಂಚಲು ಸೊಂಟದಲ್ಲೇ ಇದೆ. 2017ರಲ್ಲಿ ಅಮೆರಿಕದಲ್ಲಿ ಲಾಕ್‌ಸ್ಟೇಟ್ ಕಂಪನಿ ತಪ್ಪು ಅಪ್‌ಡೇಟ್ ಕಳಿಸಿ ಸುಮಾರು 500 ಲಾಕ್ ಕೆಟ್ಟವು, ಅವುಗಳಲ್ಲಿ ಬಹಳಷ್ಟು ನಮ್ಮಂಥ ಬಾಡಿಗೆ ಮನೆಯವರದ್ದೇ. ಅದನ್ನು ಓದಿದ ಮೇಲೆ ಗೊಂಚಲು ಬಿಟ್ಟಿಲ್ಲ.

ಮೈಸೂರು ಮಲ್ಲಿಗೆ ಬಳ್ಳಿ

ಒಂದು ಅನುಮಾನ. ಬೀಗಕ್ಕೆ ಕೀಲಿ ಅಂತೀರಾ, ಅಥವಾ ಕೀಗೆ ಕೀಲಿ ಅಂತೀರಾ? ಈ ಚರ್ಚೆಯಲ್ಲಿ ಬೀಗದ ಕೈ, ಕೀಲಿಕೈ ಎರಡೂ ಇದೆ, ತಲೆ ತಿರುಗ್ತಿದೆ.

ಕೊಪ್ಪಳದ ಬಡಿಗ

ಕೀಲಿ ಅಂದ್ರೆ ಬೀಗ. ಕೀಲಿಕೈ ಅಂದ್ರೆ ಅದನ್ನು ತೆಗೆಯೋದು. "ಕೀಲಿ ಹಾಕಿ ಬಾ" ಅಂದ್ರೆ ಬೀಗ ಹಾಕಿ ಬಾ ಅಂತ. ಇದರಲ್ಲಿ ಅನುಮಾನ ಯಾಕೆ ತಂಗಿ?

ಹಗರಿ ದಂಡೆ

ನಮ್ಮ ಮನೆಯಲ್ಲಿ ಎರಡಕ್ಕೂ ಕೀಲಿ ಅಂತಾರೆ. ಕಳೆದಾಗ ಮಾತ್ರ "ನೀನೇ ಇಟ್ಟಿದ್ದು" ಅಂತಾರೆ.

ಗಂಗಾವತಿ ಲೆಕ್ಕಪತ್ರ

ಶಟರ್ ವಿಷಯಕ್ಕೆ ಯಾರೂ ಬಂದಿಲ್ಲ, ನಾನು ಬರ್ತೀನಿ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತೀನಿ, ಗೋದಾಮಿನ ಜವಾಬ್ದಾರಿ ನನ್ನದೂ ಹೌದು.

ರೋಲಿಂಗ್ ಶಟರನ್ನು ಕಳ್ಳರು ಬೀಗ ಮುರಿದು ತೆಗೆಯಲ್ಲ. ಎರಡು ಪಕ್ಕ ಬೀಗ ಇರುತ್ತೆ, ನಡುವೆ ಖಾಲಿ. ನಡುವೆ ಜಾಕ್ ಹಾಕಿ ಎತ್ತಿದರೆ ಶಟರ್ ಬಿಲ್ಲಿನ ಹಾಗೆ ಬಾಗುತ್ತೆ, ಸಣ್ಣ ಹುಡುಗನೊಬ್ಬ ತೂರಿ ಹೋಗುತ್ತಾನೆ. ಅದಕ್ಕೆ ಸೆಂಟರ್ ಲಾಕ್ ಮೊದಲು ಬೇಕು, ನೆಲಕ್ಕೆ ಕಾಂಕ್ರೀಟಿನಲ್ಲಿ ಕೊಕ್ಕೆ ಹೂತು. ಆಮೇಲೆ ಅಲುಗಾಡಿದರೆ ಕೂಗುವ ಸೈರನ್, ಸಿಮ್ ಹಾಕುವಂಥದ್ದು. ಫೋನಿಗೆ ಕರೆ ಬರುತ್ತೆ. ಇದಿಷ್ಟು ಆದ ಮೇಲೆ ಸ್ಮಾರ್ಟ್ ಲಾಕ್ ಮಾತು.

ಒಳಗಡೆ ಆಫೀಸ್ ಕೋಣೆಗೆ ನಮ್ಮಲ್ಲಿ ಅಯಸ್ಕಾಂತದ ಲಾಕ್ ಇದೆ. 280 ಕೆಜಿ ಎಳೆದರೂ ಬಿಡಲ್ಲ ಅಂತ ಹೇಳಿ ಕೂರಿಸಿದರು. ನಿಜ, ಬಿಡಲ್ಲ, ಕರೆಂಟ್ ಇರೋ ತನಕ. ಕರೆಂಟ್ ಹೋದರೆ ತಾನೇ ಬಿಟ್ಟುಕೊಳ್ಳುತ್ತೆ. ಬೆಂಕಿ ಬಿದ್ದರೆ ಒಳಗಿದ್ದವರು ಹೊರಗೆ ಬರಲಿ ಅಂತಲೇ ಹಾಗೆ ಮಾಡಿರ್ತಾರೆ. ಹಿಂದೆ ಒಂದು ಬ್ಯಾಟರಿ ಇಡಬೇಕು, ನಮ್ಮ ಯಜಮಾನರು ಆ ಖರ್ಚು ಉಳಿಸಿದ್ದರು. ಮೂರು ತಿಂಗಳು ಯಾರಿಗೂ ಗೊತ್ತೇ ಆಗಲಿಲ್ಲ, ಪ್ರತಿ ಮಧ್ಯಾಹ್ನ ಎರಡು ಗಂಟೆ ಹಣದ ಕೋಣೆ ಹಾಗೇ ಬಾಯ್ತೆರೆದು ಕೂತಿರುತ್ತಿತ್ತು.

ಇನ್ನು ಯಾರು ಎಷ್ಟು ಹೊತ್ತಿಗೆ ಬಾಗಿಲು ತೆಗೆದರು ಅಂತ ಲಾಕ್ ಇಡೋ ಪಟ್ಟಿ. ಚೆನ್ನಾಗೇ ಇದೆ. ಆದರೆ ಯಜಮಾನರು ಅದನ್ನೇ ಹಾಜರಿ ಪುಸ್ತಕ ಮಾಡಿಕೊಂಡು 9:07ಕ್ಕೆ ಬಂದೆ ಅಂತ ಜಗಳ ಶುರು ಮಾಡಿದರೆ, ಜನ ಬಾಗಿಲಿಗೆ ಇಟ್ಟಿಗೆ ಇಟ್ಟು ತೆರೆದೇ ಬಿಡ್ತಾರೆ. ನಮ್ಮಲ್ಲಿ ಆಗಿದೆ.

ಕೌಲ್‌ಬಜಾರ್ ಹುಡುಗ

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಹೇಳಿ ಬಾಗಿಲ ಫೋಟೋ ತರಿಸಿದೆ. ಅಪ್ಪ ಮುಂದಿನದು, ಹಿತ್ತಿಲದು ಎರಡೂ ಕಳಿಸಿದ್ದಾರೆ. ಹಾಕಿದ್ದೇನೆ, ನೋಡಿ.

ಕೊಪ್ಪಳದ ಬಡಿಗ

ಮುಂದಿನದು ಸಾಗುವಾನಿ, ಗಟ್ಟಿ ಇದೆ, ಅದನ್ನು ಕೊರೀಬೇಡಿ, ಪಾಪ ತಗಲುತ್ತೆ. ಎರಡನೇ ಫೋಟೋ ನೋಡಿ ನಗು ಬಂತು ತಮ್ಮಾ. ತಗಡಿನ ಬಾಗಿಲು, ಒಂದು ಚಿಲಕ, ಅದಕ್ಕೆ ಸುತ್ತಿದ ತಂತಿ.

ತುಂಗಭದ್ರಾ ನೀರು

ಮುಂದೆ 20 ಸಾವಿರದ ಲಾಕ್, ಹಿಂದೆ 20 ಪೈಸೆ ತಂತಿ 😂

ಸಿಂಧನೂರು ಟೀಚರ್

ಮಾಳಿಗೆಗೆ ಹೋಗೋ ಬಾಗಿಲು ಹೇಗಿದೆ? ಹಳೇ ಮನೆ ಅಂದ್ರೆ ಬೆಳಕಿಂಡಿಯೂ ಇರಬೇಕಲ್ವಾ? ಅದಕ್ಕೆ ಸರಳು ಇದೆಯಾ ನೋಡಿ. ನಮ್ಮ ತವರಿನಲ್ಲಿ ಕಳ್ಳ ಇಳಿದಿದ್ದು ಅಲ್ಲಿಂದಲೇ.

ಕೌಲ್‌ಬಜಾರ್ ಹುಡುಗ

ಬೆಳಕಿಂಡಿಗೆ ಸರಳಿದೆ. ಹಿತ್ತಿಲ ಬಾಗಿಲು ನಾನು ಹುಟ್ಟಿದಾಗಿನಿಂದ ಹಾಗೇ ಇದೆ, ಯಾವತ್ತೂ ಬಾಗಿಲು ಅಂತ ಲೆಕ್ಕಕ್ಕೇ ಬಂದಿಲ್ಲ 🙏

ಮಾನ್ವಿ ಮಾಮ

ಬಂಗಾರ ಮನೇಲಿ ಇಟ್ಟು ಲಾಕ್ ಹುಡುಕೋದು ಯಾಕೆ? ಬ್ಯಾಂಕ್ ಲಾಕರಿನಲ್ಲಿ ಇಟ್ಟು ನಿಶ್ಚಿಂತೆ ಇರಿ. ಬ್ಯಾಂಕ್ ಗ್ಯಾರಂಟಿ.

ಗಂಗಾವತಿ ಲೆಕ್ಕಪತ್ರ

ಮಾಮಾ, ಪೂರ್ತಿ ಗ್ಯಾರಂಟಿ ಇಲ್ಲ. 2022ರ ಜನವರಿಯಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕಳವು, ಬೆಂಕಿ, ಬ್ಯಾಂಕ್ ಸಿಬ್ಬಂದಿಯ ಮೋಸ ಇಂಥವಕ್ಕೆ ಬ್ಯಾಂಕ್ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟು ತನಕ. ಬಾಡಿಗೆ 2,000 ಇದ್ದರೆ 2 ಲಕ್ಷ. ಇವತ್ತಿನ ರೇಟಿಗೆ 2 ಲಕ್ಷಕ್ಕೆ ಎಷ್ಟು ಬಂಗಾರ ಬರುತ್ತೆ, ಅತ್ತೆಯನ್ನೇ ಕೇಳಿ. ಆದರೂ ಮನೆಯ ಬೀರುವಿಗಿಂತ ಮೇಲು, ಅದನ್ನು ಒಪ್ಪುತ್ತೇನೆ.

ಮಾನ್ವಿ ಮಾಮ

ಅತ್ತೆಯನ್ನು ಕೇಳಿದರೆ ಹೊಸದು ತಾ ಅಂತಾಳೆ. ಬೇಡ.

ರಾಯಚೂರು ಬಿಸಿಲು

ಒಂದು ಮಾತು ಯಾರೂ ಹೇಳಲಿಲ್ಲ. ಹೊರಗೆ ಬೀಗ ನೇತಾಡ್ತಿದ್ದರೆ ಅದು ಬೋರ್ಡ್ ಇದ್ದ ಹಾಗೆ, ಒಳಗೆ ಯಾರೂ ಇಲ್ಲ ಅಂತ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವನಿಗೂ ಗೊತ್ತಾಗುತ್ತೆ. ರಿಮ್ ಲಾಕ್, ಮಾರ್ಟೀಸ್ ಲಾಕ್ ಹಾಕಿದರೆ ಮನೆಯಲ್ಲಿ ಜನ ಇದ್ದಾರಾ ಇಲ್ಲವಾ ಹೊರಗಿನಿಂದ ತಿಳಿಯಲ್ಲ. ನನ್ನ ಪ್ರಕಾರ ಸ್ಮಾರ್ಟ್ ಲಾಕಿನ ದೊಡ್ಡ ಲಾಭ ಇದೇ. ಈ ಲಾಭಕ್ಕೆ ಸ್ಮಾರ್ಟೇ ಬೇಕಂತಿಲ್ಲ, 2-3 ಸಾವಿರದ ಸಾದಾ ಲಾಕಿಗೂ ಸಿಗುತ್ತೆ.

ಹಗರಿ ದಂಡೆ

ಆಮೇಲೆ ಮನೆಮಂದಿಯೆಲ್ಲ ಗವಿಮಠದ ಜಾತ್ರೆಯಲ್ಲಿ ತೇರಿನ ಮುಂದೆ ನಿಂತು ಸ್ಟೇಟಸ್ ಹಾಕ್ತಾರೆ. ಬೋರ್ಡ್ ಹೋಯ್ತು, ಜಾಹೀರಾತು ಬಂತು.

ಫರ್ಮ್‌ವೇರ್ ಅಣ್ಣ

@ಕೌಲ್‌ಬಜಾರ್ ಹುಡುಗ, ಕೊನೆಗೆ ಏನು ಮಾಡಿದಿರಿ ಅಂತ ಬರೀರಿ. ಇಲ್ಲಿ ಎಲ್ಲರೂ ಕೇಳ್ತಾರೆ, ಆಮೇಲೆ ನಾಪತ್ತೆ.

ಕೌಲ್‌ಬಜಾರ್ ಹುಡುಗ (ಮೂರು ವಾರದ ನಂತರ)

ನಾಪತ್ತೆ ಆಗಿಲ್ಲ ಸರ್, ಊರಿಗೆ ಹೋಗಿದ್ದೆ.

ಹಿತ್ತಿಲಿಗೆ ಕಬ್ಬಿಣದ ಗ್ರಿಲ್ ಬಾಗಿಲು, ಒಳಗಿನಿಂದ ಅಡ್ಡಪಟ್ಟಿ. ವೆಲ್ಡಿಂಗ್ ಸೇರಿ 7,500. ಯೂನಿಟ್ಟಿಗೆ ಸೆಂಟರ್ ಲಾಕ್, ಸಿಮ್ ಸೈರನ್, ಎರಡೂ ಸೇರಿ 4,800. ನಾಲ್ಕು ಜನರ ಹತ್ತಿರ ಇದ್ದ ಕೀಲಿಕೈ ಈಗ ಇಬ್ಬರ ಹತ್ತಿರ ಮಾತ್ರ. ಒಬ್ಬ ಹಳೇ ಟೈಲರಿಗೆ ಇದರಿಂದ ಬೇಜಾರಾಗಿ ಎರಡು ದಿನ ಬರಲಿಲ್ಲ, ಅಪ್ಪನೇ ಹೋಗಿ ಚಹಾ ಕುಡಿಸಿ ಕರೆತಂದರು. ಸೈರನ್ ಮೊದಲ ರಾತ್ರಿಯೇ ಕೂಗಿತು. ಆಕಳು ಮೈ ತಿಕ್ಕಿತ್ತು.

ಉಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಮುಂದಿನ ಬಾಗಿಲಿಗೆ ನಂಬರ್ ಇರುವ ರಿಮ್ ಲಾಕ್. ಬಡಿಗರು ಹೇಳಿದ ಹಾಗೆ ಎಡಗದಕ್ಕೆ ಮೇಲೆ ಕೆಳಗೆ ಚಿಲಕ ಹಾಕಿಸಿದೆ, ಮೇಲೆ ಒಂದು ಶೀಟ್ ಕೂಡ. ಬೆರಳು ಇಲ್ಲ, ಫೋನ್ ಇಲ್ಲ. ಅಮ್ಮ ನಂಬರ್ ಕಲಿತರು. ಆದರೆ ರಾತ್ರಿ ಈಗಲೂ ಎರಡು ಸಲ ಎದ್ದು ನೋಡ್ತಾರಂತೆ. ಚಿಲಕ ಅಲ್ಲ, ಆ ಹಸಿರು ದೀಪ.

ಕೊಪ್ಪಳದ ಬಡಿಗ

ಸಾಗುವಾನಿ ಉಳೀತಲ್ಲ, ಸಾಕು.

ಸಿಂಧನೂರು ಟೀಚರ್

ತುರ್ತು ಕೀಲಿಕೈ ಹೊರಗೆ ಇಟ್ಟಿರಾ?

ಕೌಲ್‌ಬಜಾರ್ ಹುಡುಗ

ಇಟ್ಟಿದ್ದೇವೆ ಅಕ್ಕ. ಒಂದು ಎದುರು ಮನೆಯ ಅಜ್ಜಿ ಹತ್ತಿರ, ಇನ್ನೊಂದು ಅಪ್ಪನ ಯೂನಿಟ್ಟಿನಲ್ಲಿ, ಗಲ್ಲಾಪೆಟ್ಟಿಗೆ ಒಳಗೆ.

ಸಿಂಧನೂರು ಟೀಚರ್

ಗಲ್ಲಾಪೆಟ್ಟಿಗೆ ಕೀಲಿಕೈ ಎಲ್ಲಿರುತ್ತೆ?

ಕೌಲ್‌ಬಜಾರ್ ಹುಡುಗ

ಮನೆಯಲ್ಲಿ. ತಡೀರಿ, ಅಪ್ಪನಿಗೆ ಫೋನ್ ಮಾಡ್ತೀನಿ.